ಒಂದು ಕೋಣೆ, ಮಳೆಗಾಲ, ಕೆಳಗಿನ ಮನೆಯವರು: ಮನೆಯಲ್ಲೇ ಕಸರತ್ತು, ಕ್ಷೌರ, ಮೈ ಆರೈಕೆ

ಘೋಡ್‌ಬಂದರ್ ಗಾಳಿ (ಠಾಣೆ)

ಮುಂಬೈ ಕಡೆ ಇರುವ ನಮ್ಮವರಲ್ಲಿ ಬಹಳ ಮಂದಿಗೆ ಸಿಗುವುದು ಇಷ್ಟೇ: ಹತ್ತಡಿಗೆ ಹತ್ತಡಿ ಹಾಲ್, ಒಂದು ಮ್ಯಾಟ್, 5 ಕೇಜಿಯ ಎರಡು ಡಂಬೆಲ್, ಲೋಕಲ್ ಹಿಡಿಯುವ ಮೊದಲು ಬೆಳಗ್ಗೆ ಒಂದು ಗಂಟೆ. ಅಷ್ಟರಲ್ಲೇ ಕಸರತ್ತು, ಗಡ್ಡ, ಸ್ನಾನ ಎಲ್ಲ ಮುಗಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗುವುದಿಲ್ಲ, ಮೈಯೂ ಒಣಗುವುದಿಲ್ಲ.

ಕೇಳಬೇಕಾದದ್ದು ಮೂರು. ಕೆಳಗಿನ ಮನೆಯವರಿಗೆ ಸದ್ದು ಕೇಳದ ಹಾಗೆ ಇಡೀ ಮೈಗೆ ಕೆಲಸ ಕೊಡುವುದು ಹೇಗೆ? ಬೆವರಿದ ಮೈಯಲ್ಲೇ ಗಡ್ಡ ತೆಗೆಯಬಹುದೇ, ಸ್ನಾನದ ನಂತರವೇ ತೆಗೆಯಬೇಕೇ? ಮಳೆಗಾಲದಲ್ಲಿ ತೊಡೆಸಂದಿ, ಕಂಕುಳು, ಕಾಲ್ಬೆರಳ ಸಂದಿಯಲ್ಲಿ ಬರುವ ತುರಿಕೆಗೆ ಏನು ಮಾಡಬೇಕು? ಗೊತ್ತಿದ್ದವರು ಅಳತೆ ಸಮೇತ ಬರೆಯಿರಿ. "ದಿನಾ ವ್ಯಾಯಾಮ ಮಾಡಿ, ನೀರು ಕುಡಿಯಿರಿ" ಅಂದರೆ ಯಾರಿಗೂ ಪ್ರಯೋಜನವಿಲ್ಲ.

ಗರಡಿ ಮಣ್ಣು (ಪುಣೆ)

ನಾ ಮೊದಲ ಎಳಿಯೋ ಕಸರತ್ತಿನಿಂದ ಸುರು ಮಾಡ್ತೀನ್ರಿ. ಮನ್ಯಾಗ ಮಾಡೋರು ಬಿಟ್ಟುಬಿಡೋದು ಅದನ್ನ. ದಂಡ ಎಲ್ಲಾರಿಗೂ ಗೊತ್ತು, ಬಸ್ಕಿ ಎಲ್ಲಾರಿಗೂ ಗೊತ್ತು. ದಂಡ ದಬ್ಬೋ ಕೆಲಸ, ಬಸ್ಕಿ ಕಾಲಿನ ಕೆಲಸ. ಬೆನ್ನಿಗೆ ಏನೂ ಉಳೀಲಿಲ್ಲ. ಗರಡ್ಯಾಗ ಇದಕ್ಕಂತ ಹಗ್ಗ ಇತ್ತು, ಮಲ್ಲಕಂಬ ಇತ್ತು. ಫ್ಲ್ಯಾಟಿನ್ಯಾಗ ಒಂದು ಚಾದರ ಸಾಕು.

ಹಾಸಿಗಿ ಮ್ಯಾಲಿನ ಹತ್ತಿ ಚಾದರ ತಗೋರಿ, ಡಬಲ್ ಬೆಡ್‌ದು. ಸೊಲ್ಲಾಪುರ ಚಾದರ ಬ್ಯಾಡ, ಅದು ದಪ್ಪ ಆಗಿ ಬಾಗಿಲಾ ಕೂಡೂದಿಲ್ಲ. ಮೂಲಿಯಿಂದ ಎದುರು ಮೂಲಿಗೆ ಹಿಡದು ಹಗ್ಗದಂಗ ತಿರುವ್ರಿ. ಸರೀ ನಡುವ ಒಂದು ದೊಡ್ಡ ಗಂಟು ಹಾಕ್ರಿ, ಮುಷ್ಟಿಗಿಂತ ದೊಡ್ಡದು ಇರಬೇಕು. ಗಂಟು ಬಾಗಿಲದ ಆಚೆಗೆ, ಎರಡೂ ತುದಿ ನಿಮ್ಮ ಕಡೆಗೆ ಬರೂವಂಗ ಬಾಗಿಲದ ತಲಿ ಮ್ಯಾಲೆ ಹಾಕಿ ಬಾಗಿಲ ಮುಚ್ಚರಿ, ಚಿಲಕ ಹಾಕ್ರಿ.

ಇಲ್ಲಿ ಒಂದು ಮಾತು ಮರೀಬ್ಯಾಡ್ರಿ. ಬಾಗಿಲ ನಿಮ್ಮಿಂದ ಆಚೆಗೆ ತೆರಿಯೋ ಕಡೆ ನಿಂತು ಎಳೀಬೇಕು. ಹಂಗಿದ್ದಾಗ ನೀವು ಎಳದಷ್ಟೂ ಬಾಗಿಲ ಚೌಕಟ್ಟಿಗೆ ಒತ್ತಿ ಕೂಡ್ತದ. ನಿಮ್ಮ ಕಡೆಗೇ ತೆರಿಯೋ ಬಾಗಿಲಾದ್ರ ಇಡೀ ಭಾರ ಒಂದು ಸಣ್ಣ ಚಿಲಕದ ಮ್ಯಾಲೆ ಬೀಳ್ತದ. ಅದು ಕಿತ್ತ ದಿನ ನೀವು ಹಿಂದಕ್ಕ ಬಿದ್ದು ತಲಿ ಒಡಕೋತೀರಿ. ಬಚ್ಚಲಮನಿ ಪಿವಿಸಿ ಬಾಗಿಲಕ್ಕಂತೂ ಹಾಕಲೇಬ್ಯಾಡ್ರಿ. ಬಾಗಿಲಕ್ಕ ಮೂರು ಬಿಜಾಗರಿ ಇರಬೇಕು, ಸ್ಕ್ರೂ ಅಲುಗಾಡಬಾರದು. ಆಚೆ ಕಡೆಯಿಂದ ಮನಿಯವರು ತೆರೀದಂಗ ಮೊದಲ ಹೇಳಿ ಇಡ್ರಿ.

ಎರಡೂ ತುದಿ ಹಿಡದು, ಹಿಮ್ಮಡಿ ಬಾಗಿಲದಿಂದ ಒಂದೂವರೆ ಅಡಿ ದೂರ ಇಟ್ಟು, ಮೈ ಹಲಗಿ ಹಂಗ ನೆಟ್ಟಗ ಮಾಡಿ ಹಿಂದಕ್ಕ ವಾಲ್ರಿ. ಮುಂಗೈ ಪಕ್ಕೆಗೆ ತಾಗೂತನಕ ಎಳೀರಿ. ಮ್ಯಾಲೆ 1 ಸೆಕೆಂಡ್ ನಿಲ್ರಿ, 3 ಸೆಕೆಂಡಿನ್ಯಾಗ ಸಾವಕಾಶ ಬಿಡ್ರಿ. ಸೊಂಟ ಜೋತು ಬಿದ್ರ ಲೆಕ್ಕಕ್ಕಿಲ್ಲ. 12 ಸಲ ಸಲೀಸಾಗಿ ಆದ್ರ ಪಾದ ಬಾಗಿಲದ ಹತ್ರ ಸರಿಸ್ರಿ, ಅಷ್ಟಕ್ಕೇ ಭಾರ ಏರ್ತದ.

ಉಳದದ್ದು ಲಗು ಹೇಳ್ತೀನಿ. ವಾರಕ್ಕ 3 ದಿನ, ಒಂದು ದಿನ ಬಿಟ್ಟು ಒಂದು ದಿನ. ಮೊದಲ 5 ನಿಮಿಷ ಸೂರ್ಯನಮಸ್ಕಾರ, ಸಾವಕಾಶ 6. ಆಮ್ಯಾಲೆ ಚಾದರದ ಎಳತ 3 ಸುತ್ತು, ಪುಶ್‌ಅಪ್ 3 ಸುತ್ತು, ಒಂದರ ಬೆನ್ನಿಗೆ ಒಂದು; ಎಳಿಯೋ ಮುಂದ ಎದಿಗೆ ವಿಶ್ರಾಂತಿ, ದಬ್ಬೋ ಮುಂದ ಬೆನ್ನಿಗೆ ವಿಶ್ರಾಂತಿ. ಜೋಡಿ ಆದಮ್ಯಾಲೆ 60ರಿಂದ 90 ಸೆಕೆಂಡ್ ಸುಧಾರಿಸಿಕೊಳ್ರಿ. ಪುಶ್‌ಅಪ್ ಬರದವರು ಅಡಗಿಮನಿ ಓಟಾದ (ಅಡಗಿ ಮಾಡೋ ಕಟ್ಟಿ) ಮ್ಯಾಲೆ ಕೈ ಇಟ್ಟು ಸುರು ಮಾಡ್ರಿ. ಆಮ್ಯಾಲೆ ದಿವಾನ, ಆಮ್ಯಾಲೆ ನೆಲ, ಕಡೀಕ ಕಾಲು ದಿವಾನದ ಮ್ಯಾಲೆ. ಮೊಳಕೈ ಮೈಯಿಂದ 45 ಡಿಗ್ರಿ. ಸರೀ ಅಡ್ಡಕ್ಕ ಬಿಟ್ರ ಹೆಗಲ ನೋವು ಬರ್ತದ.

ಕಾಲಿಗೆ: ಹಿಂದಿನ ಪಾದ ದಿವಾನದ ಮ್ಯಾಲೆ ಇಟ್ಟು ಒಂದೇ ಕಾಲಿನ ಬಸ್ಕಿ. ಎರಡೂ ಕಾಲಿನ ಬಸ್ಕಿಗೆ 5 ಕೇಜಿ ಡಂಬೆಲ್ ಏನೂ ಅನಸೂದಿಲ್ಲ, ಇದರಾಗ ಅದೇ 5 ಕೇಜಿ ಸಾಕೋ ಸಾಕು ಅನಸ್ತದ. ಒಂದೊಂದು ಕಾಲಿಗೆ 8ರಿಂದ 12, 3 ಸುತ್ತು. ತೊಡಿ ಹಿಂಭಾಗಕ್ಕ 10 ಕೇಜಿ ಅಕ್ಕಿ ತುಂಬಿದ ಶಾಲಿ ಬ್ಯಾಗ್ ಎದಿಗೆ ಅಪ್ಪಿ ಹಿಡದು, ಮಣಕಾಲು ಸ್ವಲ್ಪೇ ಮಡಚಿ, ಸೊಂಟದಿಂದ ಬಗ್ಗಿ ಏಳ್ರಿ. ಬೆನ್ನು ಕಮಾನು ಆಗಬಾರದು. ಎಲ್ಲಾ ಸೇರಿ 35 ನಿಮಿಷ.

ಮೂರೂ ಸುತ್ತಿನ್ಯಾಗ 12 ಬಂದ್ರ ಮುಂದಿನ ಸಲ ಕಠಿಣ ಮಾಡಬೇಕು: ಭಾರ, ಇಲ್ಲಾ ಕೋನ, ಇಲ್ಲಾ ಇಳಿಯೋ ವೇಳೆ. ಇದನ್ನ ವಹಿಯೊಳಗ ಬರದಿಡ್ರಿ. ಬರೀದಿದ್ರ ಆರು ತಿಂಗಳಾದ್ರೂ ಅದೇ 15 ಪುಶ್‌ಅಪ್‌ದಾಗ ನಿಂತಿರ್ತೀರಿ, ಯಾಕ ಮೈ ಬದಲಾಗಲಿಲ್ಲ ಅಂತ ಕೇಳ್ತಿರ್ತೀರಿ.

ಬೈನಾ ಕಡಲು (ವಾಸ್ಕೊ)

ಗರಡಿ ಮಣ್ಣು ಅವರು ಚಾದರ ಹೇಳಿದ್ದು ಒಳ್ಳೆಯದಾಯಿತು. ರಬ್ಬರ್ ಬ್ಯಾಂಡ್ ಇರುವವರೂ ಇದೇ ಬಾಗಿಲಿನ ನಿಯಮ ಪಾಲಿಸಿ. ಬ್ಯಾಂಡಿಗೆ ಇನ್ನೊಂದು ಶತ್ರು ತಲೆಗೆ ಹಚ್ಚುವ ಎಣ್ಣೆ. ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಲ್ಯಾಟೆಕ್ಸ್ ಬ್ಯಾಂಡ್ ಹಿಡಿದರೆ ರಬ್ಬರ್ ಉಬ್ಬಿ ಮೆತ್ತಗಾಗಿ, ಕೆಲವು ವಾರಗಳಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಳಸುವ ಮೊದಲು ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬಿರುಕು ಕಂಡರೆ ಎಸೆಯಿರಿ. ತುಂಡಾದ ಬ್ಯಾಂಡ್ ನೇರ ಕಣ್ಣಿಗೇ ಹೊಡೆಯುತ್ತದೆ. ಬಿಸಿಲು ಬೀಳುವ ಗ್ರಿಲ್‌ಗೆ ನೇತುಹಾಕಬೇಡಿ. ಟಾಲ್ಕಂ ಪೌಡರ್ ಸವರಿ, ಸುತ್ತಿ, ಕಪಾಟಿನಲ್ಲಿಡಿ.

ಕಡಲ ಹತ್ತಿರದ ಮನೆಗಳಲ್ಲಿ ಬಣ್ಣವಿಲ್ಲದ ಕಬ್ಬಿಣದ ಪ್ಲೇಟು, ರಾಡು ಒಂದೇ ಮಳೆಗಾಲಕ್ಕೆ ಕೆಂಪಾಗುತ್ತವೆ. ಬೆವರಿನಲ್ಲೂ ಉಪ್ಪು, ಗಾಳಿಯಲ್ಲೂ ಉಪ್ಪು. ಕಸರತ್ತು ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, 15 ದಿನಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಕೈಹಿಡಿಗೆ ಎಣ್ಣೆ ಬೇಡ, ಜಾರುತ್ತದೆ. ಆಗಲೇ ತುಕ್ಕು ಹಿಡಿದಿದ್ದರೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಂದು ಕೈ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಇನಾಮೆಲ್. ಹೊಸದು ಕೊಳ್ಳುವವರು ರಬ್ಬರ್ ಹೊದಿಕೆಯದ್ದನ್ನೇ ಕೊಳ್ಳಿ. ಪಿವಿಸಿ ಚಿಪ್ಪಿನೊಳಗೆ ಸಿಮೆಂಟ್ ತುಂಬಿದ ಡಂಬೆಲ್ ಒಮ್ಮೆ ಕೈಜಾರಿ ಬಿದ್ದರೆ ಒಡೆದು ಪುಡಿ ಉದುರಿಸುತ್ತಲೇ ಇರುತ್ತದೆ.

ಜೋಡಿಸುವ ಫೋಮ್ ಟೈಲ್ ಹಾಕಿದ್ದರೆ ವಾರಕ್ಕೊಮ್ಮೆ ಎತ್ತಿ ಅಡಿ ಒರೆಸಿ. ಬೆವರು ಸಂದಿಯಿಂದ ಇಳಿದು ಕೆಳಗೆ ನಿಲ್ಲುತ್ತದೆ, ಕಪ್ಪು ಬೂಸ್ಟು ಕಟ್ಟುವುದು ಅಲ್ಲಿ.

ಪನ್ವೇಲ್ ಸೈಟ್

ಗೋಡೆಗೆ ಪುಲ್‌ಅಪ್ ಬಾರ್ ಹಾಕಿಸುವವರಿಗೆ ಎರಡು ಮಾತು. ಹೊಸ ಕಟ್ಟಡಗಳಲ್ಲಿ ಒಳಗೋಡೆ ಹೆಚ್ಚಾಗಿ ಸಿಪೊರೆಕ್ಸ್ ಬ್ಲಾಕು, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಇಟ್ಟಿಗೆ. ಡ್ರಿಲ್ ಮಾಡಿದಾಗ ಬರುವ ಪುಡಿ ನೋಡಿ: ಕೆಂಪು ಬಂದರೆ ಇಟ್ಟಿಗೆ, ಬಿಳಿಬೂದು ಹಿಟ್ಟು ಬೆಣ್ಣೆ ಕೊರೆದಂತೆ ಸಲೀಸಾಗಿ ಬಂದರೆ ಸಿಪೊರೆಕ್ಸ್, ಡ್ರಿಲ್ ಒದ್ದಾಡಿ ಗಟ್ಟಿ ಬೂದು ಪುಡಿ ಬಂದರೆ ಕಾಂಕ್ರೀಟ್. ಬಾರ್ ಹಾಕಬೇಕಾದದ್ದು ಕಾಂಕ್ರೀಟ್ ಬೀಮಿಗೆ ಮಾತ್ರ. ಸಿಪೊರೆಕ್ಸ್‌ನಲ್ಲಿ ಸಾದಾ ಆಂಕರ್ ಬೋಲ್ಟ್ ಬಿಗಿ ಮಾಡಿದಂತೆ ಕಂಡರೂ ಜೋತುಬಿದ್ದು ಆಡಿದಾಗ ಸುತ್ತಲಿನ ಬ್ಲಾಕೇ ಪುಡಿಯಾಗಿ ಕಿತ್ತು ಬರುತ್ತದೆ.

10 ಎಂಎಂ ಆಂಕರ್, ಕನಿಷ್ಠ 4. ಪ್ಲಾಸ್ಟರಿನ ದಪ್ಪ ಬಿಟ್ಟು ಕಾಂಕ್ರೀಟಿನೊಳಗೆ ಎಷ್ಟು ಆಳ ಹೋಗಬೇಕೆಂದು ಬೋಲ್ಟಿನ ಪೊಟ್ಟಣದ ಮೇಲೆ ಇರುತ್ತದೆ, ಅದಕ್ಕೆ ಕಡಿಮೆ ಮಾಡಬೇಡಿ. ತೂತಿನ ಪುಡಿಯನ್ನು ಊದಿ ತೆಗೆಯದಿದ್ದರೆ ಬೋಲ್ಟ್ ಹಿಡಿಯುವುದಿಲ್ಲ. ಕಬ್ಬಿಣದ ಸರಳು ಅಡ್ಡ ಬಂದರೆ ಅದನ್ನು ಕತ್ತರಿಸಬೇಡಿ, ತೂತಿನ ಜಾಗ ಬದಲಿಸಿ. ಸ್ವಿಚ್‌ಬೋರ್ಡಿನ ನೇರ ಮೇಲೆ ಕೊರೆಯಬೇಡಿ, ವೈರು ಹೋಗಿರುವುದು ಅಲ್ಲೇ. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿಮಾಡುವ ಬಾರ್ ಮರದ ಚೌಕಟ್ಟಿಗೆ ಪರವಾಗಿಲ್ಲ. ನುಣುಪು ಮಾರ್ಬಲ್ ಚೌಕಟ್ಟಿಗೆ ಬೇಡವೇ ಬೇಡ, ಜಾರುತ್ತದೆ.

ಸದ್ದಿನ ಬಗ್ಗೆ: 10 ಎಂಎಂ ಮ್ಯಾಟ್ ಹಾಕಿ ಸ್ಕಿಪ್ಪಿಂಗ್ ಮಾಡಿದರೆ ನಿಮ್ಮ ಪಾದಕ್ಕೆ ಮೆತ್ತಗಿರುತ್ತದೆ, ಕೆಳಗಿನವರಿಗೆ ಮಾತ್ರ ಸದ್ದು ಕೇಳುತ್ತಲೇ ಇರುತ್ತದೆ. ನಡುಗುವುದು ಸ್ಲ್ಯಾಬು. ಹಾರುವುದೆಲ್ಲ ಕಟ್ಟಡದ ಮೆಟ್ಟಿಲಿಗೆ ವರ್ಗ ಮಾಡಿ: 15 ನಿಮಿಷ, ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ಲಿಫ್ಟಿನಲ್ಲಿ. ಮರುದಿನ ತೊಡೆ ಹಿಡಿದುಕೊಳ್ಳುವುದು, ಮಂಡಿ ನೋಯುವುದು ಹೆಚ್ಚಾಗಿ ಇಳಿಯುವುದರಿಂದ.

ಗರಡಿ ಮಣ್ಣು

ಡಂಬೆಲ್ ಇಡೋ ಜಾಗಾದಾಗ ಹಳೇ ಕೌದಿ ನಾಕು ಮಡಿಕಿ ಮಾಡಿ ಹಾಸ್ರಿ. ಯಾವ ಮ್ಯಾಟಿಗಿಂತಲೂ ಚಲೋ.

ನೊರೆ ಬಟ್ಟಲು (ಮುಲುಂಡ್)

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕಸರತ್ತು ಮುಗಿದ ಕೂಡಲೇ ಗಡ್ಡ ಬೇಡ. ಮುಖಕ್ಕೆ ರಕ್ತ ಏರಿರುತ್ತದೆ, ಸಣ್ಣ ಗೀರು ಬಿದ್ದರೂ ಬೇಗ ನಿಲ್ಲುವುದಿಲ್ಲ, ಉಪ್ಪುಬೆವರು ಇಳಿದು ಉರಿಯುತ್ತದೆ. ಸ್ನಾನ ಮಾಡಿ, ಮುಖ ಒರೆಸದೆ, ಹಾಗೇ ಶುರು ಮಾಡಿ. 3–4 ನಿಮಿಷ ಬಿಸಿನೀರು ಕುಡಿದ ಕೂದಲು ಒಣಕೂದಲಿಗಿಂತ ಎಷ್ಟೋ ಸುಲಭವಾಗಿ ತುಂಡಾಗುತ್ತದೆ. ಈ ಒಂದು ಬದಲಾವಣೆ ಹೊಸ ರೇಜರ್ ಕೊಂಡದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಎರಡಂಚಿನ ಬ್ಲೇಡಿನ ಹಳೇ ರೇಜರನ್ನೇ ನಾನು ಹೇಳುವುದು. ಬ್ಲೇಡು ಅಗ್ಗ, 4–5 ಸಲಕ್ಕೆ ಬದಲಿಸಲು ಮನಸ್ಸು ಹಿಂಜರಿಯುವುದಿಲ್ಲ. ಬ್ರಷ್ಷನ್ನು 2 ನಿಮಿಷ ನೆನೆಸಿ, ಎರಡು ಸಲ ಕೊಡವಿ, ಬಾದಾಮಿ ಗಾತ್ರದ ಕ್ರೀಮಿಗೆ ನೀರು ಹನಿಹನಿಯಾಗಿ ಸೇರಿಸುತ್ತ ಬಟ್ಟಲಿನಲ್ಲಿ ತಿರುಗಿಸಿ. ಗುಳ್ಳೆ ದೊಡ್ಡದಾಗಿ ಕಂಡರೆ ನೀರು ಹೆಚ್ಚಾಯಿತು. ಮೊಸರಿನ ಹಾಗೆ ಹೊಳಪಾಗಿ, ಬ್ರಷ್ ಎತ್ತಿದಾಗ ತುದಿ ಬಾಗುವಂತಿದ್ದರೆ ಸರಿಯಾಯಿತು.

ಪುಣೆಯಲ್ಲಿ ಟ್ಯಾಂಕರ್, ಬೋರ್‌ವೆಲ್ ನೀರಿನ ಸೊಸೈಟಿಗಳಲ್ಲಿ ನೊರೆಯೇ ಬರುವುದಿಲ್ಲ ಎಂಬ ದೂರು ಇದೆ. ಕಾರಣ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಸಾಬೂನನ್ನು ಹಿಡಿದು ಕೊಳೆಯಾಗಿ ಕೂರಿಸುತ್ತದೆ. ಮುಂಬೈ ಪಾಲಿಕೆಯ ನೀರು ಭಾತ್ಸಾ, ತಾನ್ಸಾ, ವೈತರಣಾ ಕಡೆಯ ಕೆರೆಗಳ ಮಳೆನೀರು, ಮೆದು; ಇಲ್ಲಿ ಆ ತೊಂದರೆ ಇಲ್ಲ. ಗಡಸು ನೀರಿನವರು ಕುಡಿಯುವ ಆರ್‌ಓ ನೀರನ್ನು ಒಂದು ಲೋಟ ಬಿಸಿ ಮಾಡಿ ನೊರೆಗೆ ಮಾತ್ರ ಬಳಸಿ, ತೊಳೆಯಲು ನಲ್ಲಿನೀರು ಸಾಕು.

ಕೂದಲು ಯಾವ ಕಡೆ ಮಲಗಿದೆ ಎಂದು ಬೆರಳಿಂದ ಸವರಿ ತಿಳಿಯಿರಿ. ಕೆನ್ನೆಯಲ್ಲಿ ಮೇಲಿಂದ ಕೆಳಕ್ಕೆ, ಆದರೆ ಗಂಟಲಿನ ಒಂದು ಪಕ್ಕದಲ್ಲಿ ಬಹಳ ಜನರಿಗೆ ಕೆಳಗಿಂದ ಮೇಲಕ್ಕೆ ಅಥವಾ ಅಡ್ಡಕ್ಕೆ ಇರುತ್ತದೆ. ಗಂಟಲಲ್ಲಿ ಕೆಂಪು ಗುಳ್ಳೆ ಏಳುವುದು ಅಲ್ಲಿ ಎದುರು ದಿಕ್ಕಿಗೆ ಎಳೆದದ್ದಕ್ಕೆ. ತೀರ ಬುಡಕ್ಕೆ ಕತ್ತರಿಸಿದ ಗುಂಗುರು ಕೂದಲು ಚರ್ಮದೊಳಗೇ ತಿರುಗಿ ಬೆಳೆಯುತ್ತದೆ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ, ಒತ್ತುವುದು ಬೇಡ, ರೇಜರಿನ ತೂಕವೇ ಸಾಕು. ಒಂದೊಂದು ಎಳೆತ ಒಂದಿಂಚು. ಮೊದಲ ಸಲ ಕೂದಲಿನ ದಿಕ್ಕಿಗೆ, ಬೇಕಿದ್ದರೆ ಎರಡನೆಯ ಸಲ ನೊರೆ ಹಚ್ಚಿ ಅಡ್ಡಕ್ಕೆ. ಅಲ್ಲಿಗೆ ನಿಲ್ಲಿಸಿ.

ತಣ್ಣೀರಲ್ಲಿ ತೊಳೆದು, ಒದ್ದೆ ಮುಖಕ್ಕೆ ಪಟಿಕದ ಬಿಲ್ಲೆ ಸವರಿ, 30 ಸೆಕೆಂಡ್ ಬಿಟ್ಟು ತೊಳೆಯಿರಿ. ಇಲ್ಲಿನ ಅಂಗಡಿಯಲ್ಲಿ ಪಟಿಕ ಅಂದರೆ ಗೊತ್ತಾಗದು. ಮರಾಠಿಯವರಿಗೆ ತುರಟಿ, ಹಿಂದಿಯವರಿಗೆ ಫಿಟ್ಕರಿ. ಎಲ್ಲಿ ಹೆಚ್ಚು ಚುರುಗುಟ್ಟಿತೋ ಅಲ್ಲಿ ನೀವು ಒತ್ತಿದ್ದೀರಿ ಎಂದು ಲೆಕ್ಕ, ಮರುದಿನ ಅಲ್ಲಿ ಕೈ ಹಗುರ ಮಾಡಿ.

ಹಳೇ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಕಸ ಬೇರ್ಪಡಿಸುವವರು ಬರಿಗೈಯಲ್ಲಿ ಆಯುತ್ತಾರೆ. ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ, ಮುಚ್ಚಳ ಟೇಪ್ ಹಾಕಿ, ಬ್ಲೇಡುಗಳನ್ನು ಅದರೊಳಗೆ ಬಿಡುತ್ತ ಹೋಗಿ. ತುಂಬಲು ವರ್ಷಗಳೇ ಬೇಕು. ಕೊಡುವಾಗ ಬೇರೆಯಾಗಿ, ಬಾಯಿ ಬಿಟ್ಟು ಹೇಳಿ ಕೊಡಿ.

ಮಾಟುಂಗಾ ಮಲ್ಲಿಗೆ

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯದ್ದು ಮಾರಾಯ್ರೇ, ಆದರೆ ಸಂಕೋಚದಿಂದ ಯಾರೂ ಬಾಯಿ ಬಿಡುವುದಿಲ್ಲ. ತೊಡೆಸಂದಿಯಲ್ಲಿ, ಸೊಂಟದ ಸುತ್ತ ಉಂಗುರದ ಹಾಗೆ ಅಂಚು ಕೆಂಪಾಗಿ, ನಡುವೆ ತಿಳಿಯಾಗಿ ಹಬ್ಬುವುದು ಹುಳುಕಡ್ಡಿ, ಕೆಲವರು ಗಜಕರ್ಣ ಅನ್ನುತ್ತಾರೆ. ಅದು ಶಿಲೀಂಧ್ರ. ಅದಕ್ಕೆ ಬೇಕಾದದ್ದು ಶಾಖ, ಬೆವರು, ಗಾಳಿಯಾಡದ ಬಟ್ಟೆ. ಬಿಗಿಯಾದ ಲೆಗ್ಗಿಂಗ್ಸ್ ಹಾಕಿ ಕಸರತ್ತು ಮಾಡಿ, ಅದರಲ್ಲೇ ಚಹಾ ಕುಡಿದು, ಪೇಪರ್ ಓದಿ ಕುಳಿತರೆ ಮೂರನ್ನೂ ನಾವೇ ಕೊಟ್ಟಂತೆ.

ಆದ್ದರಿಂದ ಮುಗಿದ 10 ನಿಮಿಷದೊಳಗೆ ಸ್ನಾನ. ಅದು ಆಗದಿದ್ದರೆ ಬೆವರಿದ ಬಟ್ಟೆಯನ್ನಾದರೂ ತೆಗೆಯಿರಿ. ಸ್ನಾನದ ನಂತರ ಟವೆಲಿನಿಂದ ಒತ್ತಿ ಒರೆಸಿ, ಕಂಕುಳು, ಸ್ತನದ ಕೆಳಗೆ, ತೊಡೆಸಂದಿ, ಕಾಲ್ಬೆರಳ ಸಂದಿಗೆ ಫ್ಯಾನಿನ ಕೆಳಗೆ 3 ನಿಮಿಷ ಗಾಳಿ. ಆಮೇಲೆ ಸಡಿಲ ಹತ್ತಿ ಒಳಬಟ್ಟೆ. ಪೌಡರ್ ಹಾಕುವವರು ಒಣಗಿದ ಮೇಲೆ ಹಾಕಿ. ಒದ್ದೆ ಮೈಗೆ ಹಾಕಿದರೆ ಮುದ್ದೆಯಾಗಿ ಉಜ್ಜಿ ಗಾಯ ಮಾಡುತ್ತದೆ. ಕಾಲಿನ ಸಂದಿಗೆ ಬೇರೆ ಟವೆಲ್ ಇಡಿ, ಇಲ್ಲವೇ ಕಾಲನ್ನು ಕೊನೆಗೆ ಒರೆಸಿ.

ಮೆಡಿಕಲ್‌ಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳುವುದನ್ನು ಬಿಡಲೇಬೇಕು. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಉಂಟು. ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಅದಕ್ಕೇ ಜನ ಅದನ್ನೇ ಮತ್ತೆ ತರುತ್ತಾರೆ. ಒಳಗೆ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ, ಚರ್ಮ ತೆಳುವಾಗಿ ಬಿಳಿಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಈಗ ದೇಶದಲ್ಲಿ ಮದ್ದಿಗೆ ಜಗ್ಗದ ಹುಳುಕಡ್ಡಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ ಎಂದು ಚರ್ಮದ ವೈದ್ಯರು ಹೇಳುತ್ತಾ ಬಂದಿದ್ದಾರೆ. ವೈದ್ಯರಿಗೆ ತೋರಿಸಿ. ಅವರು ಕೊಟ್ಟ ಕ್ರೀಮನ್ನು ಕಲೆಯ ಅಂಚಿನಿಂದ 2 ಸೆಂ.ಮೀ. ಆಚೆಯವರೆಗೆ ಹಚ್ಚಿ, ಕೆಂಪು ಹೋದರೂ ಹೇಳಿದಷ್ಟು ವಾರ ಪೂರ್ತಿ ಮಾಡಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಟವೆಲಿನಲ್ಲೇ ತಿರುಗಿ ಬರುತ್ತದೆ. ಹತ್ತಿ ಒಳಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಇಸ್ತ್ರಿ ಹಾಕಿ. ಮಳೆಗಾಲದಲ್ಲಿ ಬಿಸಿಲಿನ ಕೆಲಸ ಇಸ್ತ್ರಿಯೇ ಮಾಡಬೇಕು.

ಕಂಕುಳಿನ ವಾಸನೆಗೆ ಅಡುಗೆ ಸೋಡಾ, ನಿಂಬೆಹಣ್ಣು ಉಜ್ಜಬೇಡಿ. ಸೋಡಾ ಚರ್ಮ ಸುಡುತ್ತದೆ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಗುಳ್ಳೆ ಎದ್ದು ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ, ಮುಖಕ್ಕಂತೂ ಬೇಡವೇ ಬೇಡ. ಬೆವರು ನಿಲ್ಲಿಸುವ ರೋಲ್‌ಆನ್ ಇದ್ದರೆ ರಾತ್ರಿ ಮಲಗುವಾಗ ಒಣ ಕಂಕುಳಿಗೆ ಹಚ್ಚಿ. ಬೆಳಗ್ಗೆ ಬೆವರುತ್ತಿರುವಾಗ ಹಚ್ಚಿದ್ದು ತೊಳೆದು ಹೋಗುತ್ತದೆ. ಕೂದಲು ತೆಗೆದ ದಿನ ಹಚ್ಚಬೇಡಿ.

ಘೋಡ್‌ಬಂದರ್ ಗಾಳಿ

ಅಕ್ಕ, ನೀರು ನಿಂತ ರಸ್ತೆಯಲ್ಲಿ ನಡೆದು ಬಂದ ಮೇಲೆ ಕಾಲಿಗೆ ಏನು ಮಾಡಬೇಕು? ಹಿಮ್ಮಡಿ ಬಿರುಕು ಬಿಟ್ಟವರೂ ಇದ್ದಾರೆ.

ಮಾಟುಂಗಾ ಮಲ್ಲಿಗೆ

ಮನೆಗೆ ಬಂದ ಕೂಡಲೇ ಸಾಬೂನಿನಿಂದ ತೊಳೆದು ಸಂದಿ ಒಣಗಿಸುವುದು ಮೊದಲು. ಬಿರುಕು, ರೇಜರಿನ ಗೀರು, ಕಿತ್ತ ಉಗುರು ಇದ್ದ ಕಾಲು ನೆರೆನೀರಿಗೆ ಇಳಿದಿದ್ದರೆ ಅಲ್ಲಿಗೆ ಬಿಡಬೇಡಿ. ಇಲಿಮೂತ್ರ ಬೆರೆತ ಆ ನೀರಿನಿಂದ ಇಲಿಜ್ವರ ಬರುವುದು ಇಂಥ ಗಾಯಗಳ ಮೂಲಕ. 72 ಗಂಟೆಯೊಳಗೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ಕೇಳಿ. ಮುಂಬೈ ಪಾಲಿಕೆಯೂ ಮಳೆಗಾಲದಲ್ಲಿ ಇದನ್ನೇ ಹೇಳುತ್ತದೆ. ಕಾಲಿನ ಕೂದಲು ತೆಗೆಯುವವರು ಜೋರು ಮಳೆಯ ಮುನ್ಸೂಚನೆ ಇದ್ದ ಹಿಂದಿನ ದಿನ ರೇಜರ್ ಹಿಡಿಯಬೇಡಿ.

ಹಿಮ್ಮಡಿಗೆ: ಉಗುರುಬೆಚ್ಚನೆ ನೀರಲ್ಲಿ 10 ನಿಮಿಷ, ಕಲ್ಲಿನಿಂದ ಹಗುರವಾಗಿ ಒಂದೇ ದಿಕ್ಕಿಗೆ ಉಜ್ಜಿ. ಪುಣೆ, ಮುಂಬೈ ಅಂಗಡಿಯಲ್ಲಿ ವಜ್ರಿ ಎಂದು ಕೇಳಿದರೆ ಕೊಡುತ್ತಾರೆ. ಬ್ಲೇಡಿನಿಂದ ಕೆರೆಯುವುದು ಬೇಡ, ಸಕ್ಕರೆಕಾಯಿಲೆಯವರಿಗೆ ಅದು ದೊಡ್ಡ ಅಪಾಯ. ಒರೆಸಿದ ತಕ್ಷಣ ಯೂರಿಯಾ 10ರಿಂದ 20 ಶೇಕಡಾ ಇರುವ ಕ್ರೀಮು, ಮೇಲೆ ವ್ಯಾಸಲೀನ್, ಹತ್ತಿ ಕಾಲುಚೀಲ ಹಾಕಿ ಮಲಗಿ. ಎರಡು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಕಾಲಿನ ಉಗುರನ್ನು ನೇರ ಕತ್ತರಿಸಿ. ಮೂಲೆ ಇಳಿಸಿ ದುಂಡಗೆ ಮಾಡಿದರೆ ಆ ಮೂಲೆಯೇ ಮಾಂಸಕ್ಕೆ ಚುಚ್ಚಿ ಬೆಳೆಯುತ್ತದೆ.

ಕೋಥ್ರೂಡ್ ಸಂಪಿಗೆ

ಮನೆಯಲ್ಲಿ ಸಕ್ಕರೆ ವ್ಯಾಕ್ಸ್ ಮಾಡುವವರಿಗೆ ಅಳತೆ: ಸಕ್ಕರೆ 2 ಕಪ್, ನಿಂಬೆರಸ ಕಾಲು ಕಪ್, ನೀರು ಕಾಲು ಕಪ್. ಸಣ್ಣ ಉರಿಯಲ್ಲಿ ಜೇನಿನ ಬಣ್ಣಕ್ಕೆ ಬರುವವರೆಗೆ. ಹನಿ ತೆಗೆದು ತಣ್ಣೀರಿಗೆ ಹಾಕಿದರೆ ಮೆತ್ತನೆ ಉಂಡೆಯಾಗಿ ಒತ್ತಿದಾಗ ಚಪ್ಪಟೆಯಾಗಬೇಕು. ನೀರಲ್ಲಿ ಕರಗಿ ಹರಡಿದರೆ ಇನ್ನೂ ಕುದಿಸಿ, ಗಾಜಿನಂತೆ ಮುರಿದರೆ ಕೆಟ್ಟಿತು. ಚಮಚ ನೀರು ಸೇರಿಸಿ ಮತ್ತೆ ಕಾಯಿಸಿ. ಮಳೆಗಾಲದಲ್ಲಿ ಸಕ್ಕರೆ ಗಾಳಿಯ ತೇವ ಹೀರುವುದರಿಂದ ಎಂದಿಗಿಂತ ಒಂದು ನಿಮಿಷ ಹೆಚ್ಚು ಕಾಯಿಸಿ, ಹಚ್ಚುವ ಮೊದಲು ಚರ್ಮಕ್ಕೆ ತೆಳುವಾಗಿ ಪೌಡರ್ ಸವರಿ. ಒಲೆಯಿಂದ ಇಳಿಸಿ ಕನಿಷ್ಠ 20 ನಿಮಿಷ ಬಿಡಿ, ಮೊದಲು ಮಣಿಕಟ್ಟಿನ ಒಳಗೆ ಮುಟ್ಟಿಸಿ ನೋಡಿ. ಕಾದ ಸಕ್ಕರೆಪಾಕ ಕುದಿನೀರಿಗಿಂತ ಬಿಸಿ, ಅಂಟಿಕೊಂಡೇ ಸುಡುತ್ತದೆ.

ಮೊಡವೆಗೆ ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಕ್ರೀಮ್ ಹಚ್ಚುತ್ತಿದ್ದರೆ ಮುಖಕ್ಕೆ ವ್ಯಾಕ್ಸ್ ಬೇಡ. ಕನಿಷ್ಠ ಒಂದು ವಾರ ಮೊದಲೇ ಕ್ರೀಮ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಕೂದಲ ಜೊತೆ ಚರ್ಮವೂ ಏಳುತ್ತದೆ. ಮೊಡವೆಗೆ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ವ್ಯಾಕ್ಸ್ ಮುಟ್ಟಲೇಬಾರದು. ಗಲ್ಲದಲ್ಲಿ ಒಮ್ಮೆಗೇ ಒರಟು ಕೂದಲು ಹೆಚ್ಚಾಗಿ, ಮುಟ್ಟೂ ಏರುಪೇರಾಗಿದ್ದರೆ ಮೊದಲು ವೈದ್ಯರ ಬಳಿ ಹಾರ್ಮೋನ್ ಪರೀಕ್ಷೆ ಮಾಡಿಸಿ.

ತಲೆಹೊಟ್ಟಿಗೆ ಕೀಟೋಕೊನಜೋಲ್ 2 ಶೇಕಡಾ ಶ್ಯಾಂಪೂ ವಾರಕ್ಕೆ 2 ಸಲ, 4 ವಾರ. ಕೂದಲಿಗಲ್ಲ, ತಲೆಬುರುಡೆಗೆ ತಿಕ್ಕಿ 5 ನಿಮಿಷ ಬಿಡಬೇಕು. ತಕ್ಷಣ ತೊಳೆಯುವವರೇ ಫಲ ಕಾಣಲಿಲ್ಲ ಎನ್ನುವುದು. ತಲೆಬಣ್ಣಕ್ಕೆ ಮೊದಲು ಕಿವಿಯ ಹಿಂದೆ ಹಚ್ಚಿ 48 ಗಂಟೆ ನೋಡಿ. "ಕಪ್ಪು ಮೆಹಂದಿ" ಎಂದು ಮಾರುವ ಪುಡಿಗೂ ಇದೇ ನಿಯಮ. ಮೆಹಂದಿ ಸಹಜವಾಗಿ ಕೆಂಪು ಕೊಡುತ್ತದೆ. ಒಂದೇ ಗಂಟೆಯಲ್ಲಿ ಕಪ್ಪಾದರೆ ಅದರಲ್ಲಿ ರಾಸಾಯನಿಕ ಬಣ್ಣ ಇದೆ.

ಬೈನಾ ಕಡಲು

ಟ್ರಿಮ್ಮರ್ ಕೂದಲನ್ನು ಜಗ್ಗುತ್ತದೆ ಎಂದು ಹೊಸದು ಕೊಳ್ಳುವ ಮುಂಚೆ ತಲೆ ಬಿಚ್ಚಿ ನೋಡಿ. ಹೆಚ್ಚಿನ ಸಲ ಬ್ಲೇಡು ಮೊಂಡಾಗಿರುವುದಿಲ್ಲ, ಹಲ್ಲುಗಳ ನಡುವೆ ಕೂದಲಪುಡಿ ಮತ್ತು ಚರ್ಮದ ಜಿಡ್ಡು ಗಟ್ಟಿಯಾಗಿರುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ 2 ಹನಿ ಬಿಟ್ಟು, 10 ಸೆಕೆಂಡ್ ಓಡಿಸಿ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಪುಣೆಯ ಡಿಸೆಂಬರ್ ಬೆಳಗ್ಗೆ ಟ್ರಿಮ್ಮರ್ ಮುಲುಗುವುದು ಅದಕ್ಕೇ. ತೊಡೆಸಂದಿಯ ಕೂದಲಿಗೆ ರೇಜರ್ ಬೇಡ, 3 ಎಂಎಂ ಕ್ಯಾಪ್ ಹಾಕಿದ ಬೇರೆ ಟ್ರಿಮ್ಮರ್ ಸಾಕು.

ಸೆಕೆಯಲ್ಲಿ ಕಸರತ್ತು ಮಾಡುವಾಗ ಫ್ಯಾನ್ ಆರಿಸಿ, ಪ್ಲಾಸ್ಟಿಕ್ ಜಾಕೆಟ್ ಹಾಕಿ ಬೆವರಿಳಿಸುವ ಚಾಳಿ ಬಿಡಿ. ಹೋಗುವುದು ನೀರು, ಕೊಬ್ಬಲ್ಲ. ಗೋವೆ, ಮುಂಬೈಯ ತೇವದಲ್ಲಿ ಬೆವರು ಆರುವುದೇ ಕಡಿಮೆ, ಮೈಶಾಖ ಒಳಗೇ ಏರುತ್ತದೆ. ಫ್ಯಾನ್ ಇರಲಿ. ಮುಗಿದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ, ಇಲ್ಲವೇ ಪುನರ್ಪುಳಿಯ (ಕೋಕಂ) ಸಾರು.

ಡೊಂಬಿವಲಿ ಪೂರ್ವ

ಅರವತ್ತು ದಾಟಿದವರಿಗೂ ನಾಲ್ಕು ಸಾಲು ಬರೆಯಿರಿ. ಹಾಗೆಯೇ ಊಟದಲ್ಲಿ ಪ್ರೋಟೀನ್ ಎಷ್ಟು, ಪೌಡರ್ ಬೇಕೇ?

ಗರಡಿ ಮಣ್ಣು

ಹಿರಿಯರಿಗೆ ದಿನಾ ಮೂರು ಸಾಕ್ರಿ. ಗೋಡಿಗೆ ಆನಿಸಿದ ಕುರ್ಚಿಯಿಂದ ಕೈ ಊರದಂಗ 10 ಸಲ ಎದ್ದು ಕೂಡೋದು. ಓಟಾ ಹಿಡದು ಹಿಮ್ಮಡಿ ಎತ್ತಿ ಇಳಿಸೋದು, 15. ಓಟಾದ ಹತ್ರಾನ ಒಂದು ಕಾಲ ಮ್ಯಾಲೆ 20 ಸೆಕೆಂಡ್ ನಿಲ್ಲೋದು, ಎರಡೂ ಕಾಲು. ಬಿಪಿ ಇದ್ದವರು ಉಸಿರು ಬಿಗಿ ಹಿಡೀಬ್ಯಾಡ್ರಿ, ಏಳೋ ಮುಂದ ಉಸಿರು ಬಿಡ್ರಿ. ಎದಿ ನೋವು, ತಲಿ ಸುತ್ತು ಬಂದ್ರ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಸ್ರಿ.

ಪ್ರೋಟೀನ್ ಲೆಕ್ಕ: ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಸಾದಾ ಮಂದಿಗೆ ಹೇಳೋದು ಮೈತೂಕದ ಒಂದು ಕೇಜಿಗೆ ದಿನಕ್ಕ 0.83 ಗ್ರಾಂ. ಭಾರ ಎತ್ತೋರು 1.2ರಿಂದ 1.6 ಗ್ರಾಂ ಇಟಗೊಂಡ್ರ ಚಲೋ. 60 ಕೇಜಿ ಆಳಿಗೆ 72ರಿಂದ 96 ಗ್ರಾಂ ಆತು. ಒಂದು ತತ್ತಿ 6 ಗ್ರಾಂ, ಕಾಲು ಲೀಟರ್ ಹಾಲು 8, ಒಂದು ಮುಷ್ಟಿ ಶೇಂಗಾ, ಅಂದ್ರ 30 ಗ್ರಾಂ, ಸುಮಾರು 7. ಒಣ ಸೋಯಾ ಚಂಕ್ಸ್ 50 ಗ್ರಾಂಗ 25ರ ಮ್ಯಾಲೆ. ಒಣ ಹುರಳಿ, ಹೆಸರುಕಾಳು 50 ಗ್ರಾಂ ನೆನಸಿ ಪಲ್ಯ ಮಾಡಿದ್ರ 11–12. ಹುರಳಿ ಇಲ್ಲಿ ಕುಳೀಥ ಅಂತ ಸಿಗ್ತದ. ಅನ್ನ ಸಾರಿನ್ಯಾಗ ಬ್ಯಾಳಿ ತಳದಾಗ ಇರ್ತದ, ನಾವು ತಿಳಿ ಬಡಿಸಿಕೋತೀವಿ. ಕೊರತಿ ಆಗೋದು ಅಲ್ಲಿ. ಇಷ್ಟು ಊಟದಾಗ ಕೂಡಿದ್ರ ಪೌಡರ್ ಬೇಕಿಲ್ಲ. ಕಿಡ್ನಿ ತೊಂದರಿ ಇದ್ದವರು ಮಾತ್ರ ಡಾಕ್ಟರನ್ನ ಕೇಳದ ಹೆಚ್ಚು ಮಾಡಬ್ಯಾಡ್ರಿ.

ಘೋಡ್‌ಬಂದರ್ ಗಾಳಿ

ಇಷ್ಟರಿಂದ ಬೆಳಗಿನ ಕ್ರಮ ಹೀಗೆ ಕೂತಿತು: 35 ನಿಮಿಷ ಕಸರತ್ತು, 5 ನಿಮಿಷ ಫ್ಯಾನಿನ ಕೆಳಗೆ ಬೆವರು ಇಳಿಯಲು, ಸ್ನಾನ 7, ಒದ್ದೆ ಮುಖಕ್ಕೆ ಗಡ್ಡ 8, ಮತ್ತೆ ಸಂದಿಗಳಿಗೆ ಗಾಳಿ 3. ಒಟ್ಟು 58 ನಿಮಿಷ. ಒಂದೇ ಅನುಮಾನ: ಗಡ್ಡ ತೆಗೆಯುವಷ್ಟು ಹೊತ್ತು ಒದ್ದೆ ಮೈಯಲ್ಲಿ ನಿಲ್ಲಬೇಕೇ?

ಮಾಟುಂಗಾ ಮಲ್ಲಿಗೆ

ಬೇಡ. ಕುತ್ತಿಗೆಯಿಂದ ಕೆಳಗೆ ಒರೆಸಿ, ಒಣ ಪಂಚೆ ಉಟ್ಟು, ಮುಖ ಮಾತ್ರ ಒದ್ದೆ ಇಟ್ಟುಕೊಳ್ಳಿ. ಬಚ್ಚಲಿನ ಹಬೆಯಲ್ಲಿ ನಿಲ್ಲದೆ ಹೊರಗಿನ ಬೇಸಿನ್ ಹತ್ತಿರ ಗಡ್ಡ ತೆಗೆದರೆ ಅಷ್ಟರಲ್ಲಿ ಮೈ ತಾನೇ ಒಣಗುತ್ತದೆ.

ನೊರೆ ಬಟ್ಟಲು

ಮುಗಿದ ಮೇಲೆ ರೇಜರನ್ನೂ ಬಚ್ಚಲಲ್ಲಿ ಬಿಡಬೇಡಿ. ಕೊಡವಿ, ತಲೆ ಸಡಿಲಿಸಿ, ಬ್ರಷ್ಷನ್ನು ಕೂದಲು ಕೆಳಗಾಗಿ ನೇತುಹಾಕಿ, ಎಲ್ಲ ಕೋಣೆಯ ಗಾಳಿಗೆ. ಪಟಿಕವನ್ನು ಸೋಪಿನ ಡಬ್ಬಿಯಲ್ಲಿ ನೀರಿನೊಂದಿಗೆ ಇಟ್ಟರೆ ಒಂದು ತಿಂಗಳಲ್ಲಿ ಕರಗಿ ಹೋಗುತ್ತದೆ. ಒರೆಸಿ ಬಟ್ಟೆಯ ಮೇಲಿಡಿ.

ಗರಡಿ ಮಣ್ಣು

ಚಾದರದ ಗಂಟು ವಾರಕ್ಕೊಮ್ಮೆ ಬಿಚ್ಚಿ, ಜಾಗಾ ಬದಲಿಸಿ ಹಾಕ್ರಿ. ಬಾಗಿಲದ ಅಂಚಿಗೆ ತಿಕ್ಕೋ ಕಡೆ ಎಳಿ ಸವದಿದ್ರ ಬೆರಳಿಗೆ ಜುಂಗು ಹತ್ತತದ. ಹತ್ತಿದ್ರ ಆ ಚಾದರ ನೆಲಾ ಒರಸಾಕ ಕೊಟ್ಟು ಬ್ಯಾರೇ ತಗೋರಿ.